ಮಿರ್ಚಿ-ಗಿರ್ಮಿಟ್ ದಾರಿಯಲ್ಲಿ ಮೂರು ಸಂಜೆ

ಮೆಕ್ಸಿಕೋ ದೇಶದಲ್ಲಿ ವಹಾಕಾ ಎಂಬ ಹಳೆಯ ಊರಿದೆ. ಕಲ್ಲು ಹಾಸಿದ ಬೀದಿಗಳು, ಬಣ್ಣ ಬಳಿದ ಗೋಡೆಗಳು, ದೊಡ್ಡ ದೊಡ್ಡ ಚರ್ಚುಗಳು. ಊರಿನ ಹಳೆಯ ಭಾಗವನ್ನು ಯುನೆಸ್ಕೋ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂಜೆಯಾದರೆ ಅಲ್ಲಿ ಪ್ರವಾಸಿಗರ ಸಣ್ಣ ಸಣ್ಣ ಗುಂಪುಗಳು ಊರಿನವನೊಬ್ಬನ ಹಿಂದೆ ಕಾಲ್ನಡಿಗೆಯಲ್ಲಿ ಹೊರಡುತ್ತವೆ. ಬೀದಿ ಬದಿಯ ಒಂದು ಒಲೆಯ ಮುಂದೆ ನಿಲ್ಲುವುದು, ತಿನ್ನುವುದು, ಆ ತಿನಿಸಿನ ಕಥೆ ಕೇಳುವುದು, ಮುಂದಿನ ಒಲೆಗೆ ಹೋಗುವುದು. ಸುಟ್ಟ ಗೋವಿನಜೋಳದ ತೆನೆಗೆ ಖಾರದ ಪುಡಿ, ನಿಂಬೆರಸ ಸವರಿ ಕೊಡುತ್ತಾರೆ. ತ್ಲಾಯುದಾ ಎಂಬುದು ತಟ್ಟೆಗಿಂತ ದೊಡ್ಡದಾದ ಗೋವಿನಜೋಳದ ಗರಿಗರಿ ರೊಟ್ಟಿ. ಅದರ ಮೇಲೆ ಕಾಳಿನ ಹಿಂಡಿ ಸವರಿರುತ್ತಾರೆ. ಉಪ್ಪು-ಖಾರ ಹಾಕಿ ಹುರಿದ ಮಿಡತೆಯನ್ನೂ ಪೊಟ್ಟಣದಲ್ಲಿ ಮಾರುತ್ತಾರೆ!

ಏಪ್ರಿಲ್ ರಜೆಗೆ ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಕ್ಕಳು ಇದನ್ನೆಲ್ಲ ಮೊಬೈಲಿನಲ್ಲಿ ತೋರಿಸಿದರು. ಮೊಮ್ಮಗಳು ಏಳನೆಯ ಕ್ಲಾಸು, ಮೊಮ್ಮಗ ನಾಲ್ಕನೆಯದು. ಮಿಡತೆ ಬಂದಾಗ ಅವನು ಮುಖ ಮುಚ್ಚಿಕೊಂಡ. ಅವಳು ಮಾತ್ರ, "ಅಜ್ಜಾ, ನಮ್ಮ ಕಡೆ ಇಂಥ ನಡಿಗೆ ಯಾಕಿಲ್ಲ?" ಎಂದು ಕೇಳಿದಳು.

"ಐತಿ. ನಾಳೆಯಿಂದ ಶುರು" ಎಂದೆ.

"ಗೈಡ್ ಯಾರು?"

"ನಾನ."

ಈ ಮಾತಿಗೆ ನನಗೆ ಹಕ್ಕಿತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಊರಿನ ಬ್ಯಾಂಕ್ ಶಾಖೆಗಳಲ್ಲಿ ನಾನು ಗುಮಾಸ್ತನಾಗಿ ಕೆಲಸ ಮಾಡಿದವನು. ಸಂಜೆ ಲೆಕ್ಕ ತಾಳೆಯಾದ ಮೇಲೆ ಈ ಊರುಗಳ ಬೀದಿಯಲ್ಲೇ ಹೊಟ್ಟೆ ತಣಿಸಿಕೊಂಡವನು. ಯಾವ ಬಂಡಿಯ ಎಣ್ಣೆ ಹೇಗೆ ಎಂಬುದು ನನಗೆ ಗೊತ್ತಿತ್ತು.

ಹೊರಡುವ ಮೊದಲು ಮೂರು ನಿಯಮ ಹಾಕಿದೆ. ಒಂದು, ಎಲ್ಲಿಯೂ ಹೊಟ್ಟೆ ತುಂಬ ತಿನ್ನುವಂತಿಲ್ಲ, ಹಂಚಿಕೊಂಡು ತಿನ್ನಬೇಕು. ಎರಡು, ಕಣ್ಣೆದುರಿಗೆ ಬಾಣಲೆಯಿಂದ ಬಿಸಿಬಿಸಿಯಾಗಿ ತೆಗೆದದ್ದು ಅಥವಾ ಆಗಲೇ ಕಲಸಿದ್ದು ಮಾತ್ರ. ಕುಡಿಯುವ ನೀರು ಮನೆಯ ಬಾಟಲಿಯದು. ಮೂರು, ತಿಂದ ಪ್ರತಿ ತಿನಿಸಿಗೂ "ಇದು ಎಲ್ಲಿಂದ ಬಂತು?" ಎಂದು ಒಂದು ಪ್ರಶ್ನೆ ಕೇಳಲೇಬೇಕು. ಖರ್ಚಿನ ಲೆಕ್ಕ ಬರೆಯುವ ಕೆಲಸ ಮೊಮ್ಮಗಳಿಗೆ, ಒಂದು ಸ್ಟೀಲ್ ಡಬ್ಬಿ ಹಿಡಿಯುವ ಕೆಲಸ ಮೊಮ್ಮಗನಿಗೆ. ಅಚ್ಚಾದ ಕಾಗದದ ಶಾಯಿ ಎಣ್ಣೆಯಲ್ಲಿ ಕರಗಿ ತಿನಿಸಿಗೆ ಅಂಟುತ್ತದೆ. ಹಳೆಯ ಪೇಪರಿನಲ್ಲಿ ತಿಂಡಿ ಕಟ್ಟಬೇಡಿ ಎಂದು ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳಿದೆ. ಮುತ್ತಲ ಎಲೆಯ ಕಾಲ ಹೋಯಿತು; ಡಬ್ಬಿ ಒಯ್ದರೆ ಬಂಡಿಯವರಿಗೂ ಖುಷಿ.

ಮೊದಲ ಸಂಜೆ: ಹಾವೇರಿ

ನಡಿಗೆಯನ್ನು ಸಿದ್ಧೇಶ್ವರ ಗುಡಿಯಿಂದ ಶುರು ಮಾಡಿದೆವು. ಊರಿನವರು ಪುರಸಿದ್ಧೇಶ್ವರ ಎನ್ನುತ್ತಾರೆ. ಕಲ್ಯಾಣದ ಚಾಲುಕ್ಯರ ಕಾಲದ್ದು, ಬಳಪದ ಕಲ್ಲಿನದು. ಬಹಳಷ್ಟು ಗುಡಿಗಳು ಪೂರ್ವಕ್ಕೆ ಮುಖ ಮಾಡಿದ್ದರೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಸಂಜೆ ಹೋಗುವುದೇ ಚೆಂದ. ಇಳಿಬಿಸಿಲು ನೇರ ಮುಖಮಂಟಪದ ಮೇಲೆ ಬೀಳುತ್ತದೆ.

ಅಲ್ಲಿಂದ ಪೇಟೆಗೆ ಬರುವ ದಾರಿಯಲ್ಲಿ ಮೊಮ್ಮಗಳು ಮೊದಲ ಪ್ರಶ್ನೆ ಕೇಳಿದಳು. "ಅಜ್ಜಾ, ಹಾವೇರಿ ಅಂದರೆ ಏಲಕ್ಕಿ ಅಂತಾರಲ್ಲ, ಏಲಕ್ಕಿ ತೋಟ ಎಲ್ಲಿದೆ?"

ತೋಟ ಇಲ್ಲ! ಏಲಕ್ಕಿಗೆ ಮಲೆನಾಡಿನ ನೆರಳು, ತಂಪು ಬೇಕು. ನಮ್ಮದು ಹತ್ತಿ, ಗೋವಿನಜೋಳದ ಬಯಲು. ಹಿಂದಿನ ಕಾಲದಲ್ಲಿ ಮಲೆನಾಡಿನ ಏಲಕ್ಕಿ ಹಾವೇರಿಗೆ ಬಂದು, ಇಲ್ಲಿ ತೊಳೆಸಿಕೊಂಡು, ಬಿಳುಪಾಗಿ, ಹೊರಗಿನ ಪೇಟೆಗಳಿಗೆ ಹೋಗುತ್ತಿತ್ತು. ಆ ವ್ಯಾಪಾರದ ಪರಿಮಳ ಊರಿನ ಹೆಸರಿಗೆ ಅಂಟಿತು. ಇಂದಿಗೂ ಪಟವೇಗಾರ ಮನೆತನದವರು ಕಾಯಿ ಕಾಯಿ ಪೋಣಿಸಿ, ರೇಷ್ಮೆ ನೂಲು, ಬಣ್ಣದ ಮಣಿ ಸೇರಿಸಿ ಏಲಕ್ಕಿ ಹಾರ ಕಟ್ಟುತ್ತಾರೆ. ದೊಡ್ಡ ಅತಿಥಿಗಳು ಬಂದರೆ ಆ ಹಾರವೇ ಬೇಕು. 2023ರ ಜನವರಿ 6ರಿಂದ 8ರವರೆಗೆ ಇಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನಾಡಿನ ಮೂಲೆಮೂಲೆಯಿಂದ ಬಂದವರು ಈ ಹಾರವನ್ನು ಕಣ್ಣಾರೆ ಕಂಡು ಹೋದರು. "ಬೆಳೆಯದೇ ಇದ್ದ ಊರಿಗೂ ಹೆಸರು ಬರುತ್ತಾ?" ಎಂದ ಮೊಮ್ಮಗ. ಬರುತ್ತದೆ, ಕೈಕೆಲಸದಿಂದ ಬರುತ್ತದೆ ಎಂದೆ.

ದೀಪ ಹತ್ತುವ ಹೊತ್ತಿಗೆ ಗಿರ್ಮಿಟ್ ಬಂಡಿಯ ಮುಂದೆ ನಿಂತೆವು. ದಕ್ಷಿಣದ ಕಡೆಯ ಮಕ್ಕಳಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಒಗ್ಗರಣೆ ಮಾಡಿ, ಹುಣಸೆಹುಳಿ, ಬೆಲ್ಲ ಸೇರಿಸಿ ಕುದಿಸಿದ ಗೊಜ್ಜು ಒಂದು ಪಾತ್ರೆಯಲ್ಲಿ ಇರುತ್ತದೆ. ಗಿರಾಕಿ ಬಂದ ಮೇಲೆಯೇ ಚುರುಮುರಿಗೆ ಆ ಗೊಜ್ಜು ಹಾಕಿ, ಪುಠಾಣಿ ಹಿಟ್ಟು ಉದುರಿಸಿ, ಗರಗರ ತಿರುಗಿಸಿ ಕಲಸುತ್ತಾರೆ. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸಣ್ಣ ಸೇವು. ಪಕ್ಕದಲ್ಲಿ ಒಂದು ಮಿರ್ಚಿ. ನಮ್ಮ ಕಡೆ ಮಿರ್ಚಿ ಎಂದರೆ ಸಾಕು, ಬಜ್ಜಿ ಎಂದು ಬೇರೆ ಹೇಳುವುದಿಲ್ಲ.

"ಖಾರ ಎಷ್ಟ ಹಾಕ್ಲಿ ತಮ್ಮಾ?" ಎಂದು ಬಂಡಿಯವನು ಮೊಮ್ಮಗನನ್ನೇ ಕೇಳಿದ. ತನ್ನನ್ನು ದೊಡ್ಡವರಂತೆ ಕೇಳಿದ್ದಕ್ಕೆ ಅವನಿಗೆ ಹಿಗ್ಗು. "ಸ್ವಲ್ಪ ಜಾಸ್ತಿ" ಎಂದ. ಎರಡು ತುತ್ತಿಗೆ ಮೂಗಿನಲ್ಲಿ ನೀರು ಬಂತು. ಆದರೂ ತಟ್ಟೆ ಬಿಡಲಿಲ್ಲ. ಬಡಗಿಗಳು ತೂತು ಕೊರೆಯುವ ಉಪಕರಣಕ್ಕೂ ಗಿರ್ಮಿಟ್ ಎನ್ನುತ್ತಾರೆ ಎಂದು ನಾನು ಹೇಳಿದಾಗ, "ಅದನ್ನೂ ತಿರುಗಿಸ್ತಾರೆ, ಇದನ್ನೂ ತಿರುಗಿಸ್ತಾರೆ, ಅದಕ್ಕೇ ಆ ಹೆಸರು" ಎಂದು ತೀರ್ಪು ಕೊಟ್ಟ.

ನಾವು ತಿನ್ನುತ್ತಿರುವಾಗಲೇ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬರು ಬಂದರು. ಬಂಡಿಯವನು ಗಲ್ಲೆಯಿಂದ 100 ರೂಪಾಯಿ ತೆಗೆದುಕೊಟ್ಟ, ಅವರು ಸಣ್ಣ ಯಂತ್ರದಲ್ಲಿ ಚೀಟಿ ಹರಿದುಕೊಟ್ಟು ಮುಂದಿನ ಬಂಡಿಗೆ ಹೋದರು. "ಅವರು ತಿನ್ನಲೇ ಇಲ್ಲ, ಆದರೂ ದುಡ್ಡು ತಗೊಂಡರು!" ಎಂದ ಮೊಮ್ಮಗ.

ಮಕ್ಕಳೇ, ಅದು ಪಿಗ್ಮಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ಶುರು ಮಾಡಿತು. ದಿನ ದುಡಿದು ದಿನ ತಿನ್ನುವವರು ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ, ಹಾಗಾದರೆ ಬ್ಯಾಂಕೇ ಅವರ ಬಾಗಿಲಿಗೆ ಹೋಗಲಿ ಎಂಬುದು ಅದರ ಹಿಂದಿನ ಯೋಚನೆ. ಆಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಪದ ಮಾತ್ರ ನಮ್ಮ ಊರಿನ ಬೀದಿಗಳಲ್ಲಿ ಕನ್ನಡದ್ದೇ ಆಗಿ ಉಳಿದಿದೆ. ದಿನಕ್ಕೆ 100 ರೂಪಾಯಿಯಂತೆ 300 ದಿನ ಕಟ್ಟಿದರೆ ಎಷ್ಟು ಎಂದು ಮೊಮ್ಮಗಳನ್ನು ಕೇಳಿದೆ. "30,000" ಎಂದಳು. "ನನ್ನ ಮಗಳ ಕಾಲೇಜ ಫೀ ಅದ ನೋಡವ್ವಾ" ಎಂದ ಬಂಡಿಯವನು, ಚುರುಮುರಿ ತಿರುಗಿಸುತ್ತಲೇ.

ಎರಡನೆಯ ಸಂಜೆ: ರಾಣೆಬೆನ್ನೂರು

ಹಾವೇರಿಯಿಂದ ಹೆದ್ದಾರಿಯಲ್ಲಿ ದಾವಣಗೆರೆಯ ಕಡೆಗೆ ಹೋದರೆ ರಾಣೆಬೆನ್ನೂರು. ಬೀಜದ ವ್ಯಾಪಾರಕ್ಕೆ, ಕೃಷ್ಣಮೃಗಗಳ ಅಭಯಾರಣ್ಯಕ್ಕೆ ಹೆಸರಾದ ಊರು. ಬಸ್ಸಿನಿಂದ ಇಳಿದ ಕೂಡಲೇ ಮೊಮ್ಮಗಳು ಒಂದು ವಿಷಯ ಗುರುತಿಸಿದಳು. ಹಾವೇರಿಯ ಬಂಡಿಯವನು ಚುರುಮುರಿ ಎಂದಿದ್ದ, ಇಲ್ಲಿಯವನು ಮಂಡಕ್ಕಿ ಎಂದ. ಪದಾರ್ಥ ಒಂದೇ, ಹೆಸರು ಎರಡು. ಹುಬ್ಬಳ್ಳಿ-ಧಾರವಾಡದ ಕಡೆಯ ಮಾತು ಮತ್ತು ದಾವಣಗೆರೆಯ ಕಡೆಯ ಮಾತು ನಮ್ಮ ಜಿಲ್ಲೆಯಲ್ಲಿ ಸಂಧಿಸುತ್ತವೆ. ಕೆಲವು ಮನೆಗಳಲ್ಲಂತೂ ಅತ್ತೆ ಚುರುಮುರಿ ಎನ್ನುತ್ತಾಳೆ, ಸೊಸೆ ಮಂಡಕ್ಕಿ ಎನ್ನುತ್ತಾಳೆ, ತಿನ್ನುವಾಗ ಜಗಳವಿಲ್ಲ.

ಇಲ್ಲಿ ನಾವು ತಿಂದದ್ದು ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಶೇಂಗಾ, ಕರಿಬೇವು, ಉಳ್ಳಾಗಡ್ಡಿಯ ಒಗ್ಗರಣೆ ಕೊಟ್ಟು ಪುಠಾಣಿ ಹಿಟ್ಟು ಉದುರಿಸಿದ್ದು. ಬೆಳಿಗ್ಗೆ ನಾಷ್ಟಾಕ್ಕೂ ಸೈ, ಸಂಜೆಗೂ ಸೈ.

"ಮಂಡಕ್ಕಿ ಎಲ್ಲಿಂದ ಬಂತು?" ಎಂದು ಮೊಮ್ಮಗ ಕೇಳಿದ. ದಾವಣಗೆರೆಯ ಭಟ್ಟಿಯಿಂದ ಬಂತು ಎಂದರು ಬಂಡಿಯವರು. ಭಟ್ಟಿ ಎಂದರೆ ಮಂಡಕ್ಕಿ ಹುರಿಯುವ ದೊಡ್ಡ ಒಲೆಯ ಮನೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಆ ಅಕ್ಕಿಗೆ ಉಪ್ಪುನೀರು ಸವರಿ, ಕಾದ ಮರಳಿನಲ್ಲಿ ಹಾಕಿ ತಿರುವುತ್ತಾರೆ. ಅಕ್ಕಿಯೊಳಗಿನ ತೇವ ಒಂದೇ ಕ್ಷಣದಲ್ಲಿ ಆವಿಯಾಗಿ ಹೊರಗೆ ನುಗ್ಗುವಾಗ ಕಾಳು ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಏಪ್ರಿಲ್ ಬಿಸಿಲಿನಲ್ಲಿ ಆ ಒಲೆಯ ಮುಂದೆ ನಿಲ್ಲುವವರನ್ನು ನೆನೆಯಿರಿ. ನಾವು ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಳ್ಳುವ ಹಗುರವಾದ ಮಂಡಕ್ಕಿಯ ಹಿಂದೆ ಅಷ್ಟು ಭಾರವಾದ ಕೆಲಸ ಇದೆ.

ಬಂಡಿಯವರು ಗಂಡ-ಹೆಂಡತಿ ಇಬ್ಬರೂ ನಿಂತು ಕೆಲಸ ಮಾಡುತ್ತಿದ್ದರು. ಕೊರೊನಾ ಕಾಲದಲ್ಲಿ ಬಂಡಿ ನಿಂತೇ ಹೋಗಿತ್ತಂತೆ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಬೀದಿ ವ್ಯಾಪಾರಿಗಳಿಗೆಂದು ಸ್ವನಿಧಿ ಯೋಜನೆ ತಂದಾಗ ಮೊದಲ ಕಂತಿನ ಸಾಲವಾಗಿ ಅಡವಿಲ್ಲದೆ 10,000 ರೂಪಾಯಿ ಸಿಕ್ಕಿತು. "ಅದರಾಗ ಎಣ್ಣಿ ಡಬ್ಬಿ, ಕಡ್ಲಿಹಿಟ್ಟು ತಂದ ಮತ್ತ ಒಲಿ ಹಚ್ಚಿದ್ವಿ. ತೀರಿಸೀವ್ರಿ ಕಾಕಾ" ಎಂದರು ಆ ತಾಯಿ. ಕೊನೆಯ ಮಾತನ್ನು ತಲೆ ಎತ್ತಿ ಹೇಳಿದರು. ಬ್ಯಾಂಕಿನವನಾದ ನನಗೆ ಆ ಧ್ವನಿ ಚೆನ್ನಾಗಿ ಪರಿಚಯ. ಸಣ್ಣ ಸಾಲ ಪಡೆದವರು ಅದನ್ನು ತೀರಿಸಿದ ದಿನ ಕೌಂಟರಿನ ಮುಂದೆ ಹೀಗೆಯೇ ನಿಲ್ಲುತ್ತಿದ್ದರು.

ರಾತ್ರಿ ಊಟಕ್ಕೆ ಒಂದು ಖಾನಾವಳಿಗೆ ಹೋದೆವು. ಒಳಗೆ ಹೆಣ್ಣುಮಕ್ಕಳು ಟಪಟಪ ರೊಟ್ಟಿ ಬಡಿಯುವ ಸದ್ದು. ಜೋಳದ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಮೂಲೆಯಲ್ಲಿ ಚಿಟಿಕೆಯಷ್ಟು ಕೆಂಪು ರಂಜಕ. ಗೋಡೆಯ ಪಕ್ಕದ ಡಬ್ಬಿಯಲ್ಲಿ ಕಟಕ ರೊಟ್ಟಿ ಪೇರಿಸಿಟ್ಟಿದ್ದರು. ಮೊಮ್ಮಗಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಅಜ್ಜಾ, ತ್ಲಾಯುದಾ!" ಎಂದಳು. ನಿಜ. ಅವರದು ಗೋವಿನಜೋಳ, ನಮ್ಮದು ಬಿಳಿಜೋಳ. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುತ್ತಾರೆ, ನಾವು ಹಿಟ್ಟನ್ನು ಬಿಸಿನೀರಿನಲ್ಲಿ ನಾದುತ್ತೇವೆ. ಎರಡೂ ಕಡೆ ಗರಿಗರಿಯಾದ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ಬುತ್ತಿ ಕಟ್ಟಿಕೊಂಡು ದೂರದ ಹೊಲಕ್ಕೆ, ದೂರದ ಊರಿಗೆ ಹೋಗುವವರಿಗೆ ಬೇಕಾದದ್ದೇ ಅದು.

ಮೂರನೆಯ ಸಂಜೆ: ಬ್ಯಾಡಗಿ

ಬ್ಯಾಡಗಿ ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಇದೆ. ಆದರೂ ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿತ್ತು. ಅಲ್ಲಿಯ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. ನಾವು ಸೋಮವಾರಕ್ಕೆ ಕಾದೆವು.

ಹೆದ್ದಾರಿ ಬಿಟ್ಟು ಬ್ಯಾಡಗಿಗೆ ತಿರುಗುವುದು ಮೋಟೆಬೆನ್ನೂರಿನಲ್ಲಿ. ಬಸ್ಸು ಅಲ್ಲಿ ನಿಂತಾಗ ಮಕ್ಕಳಿಗೆ ಹೇಳಿದೆ: ಇದು ಮೈಲಾರ ಮಹದೇವರು 1911ರಲ್ಲಿ ಹುಟ್ಟಿದ ಊರು. 1930ರಲ್ಲಿ ಗಾಂಧೀಜಿಯವರ ಜೊತೆ ಸಾಬರಮತಿಯಿಂದ ದಂಡಿಯವರೆಗೆ ನಡೆದ ಕನ್ನಡಿಗರು ಅವರು. ಮಾರ್ಚ್ 12ರಿಂದ ಏಪ್ರಿಲ್ 6ರವರೆಗೆ, ಸುಮಾರು 385 ಕಿಲೋಮೀಟರ್, ಒಂದು ಹಿಡಿ ಉಪ್ಪಿಗಾಗಿ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. "ಉಪ್ಪು ಎಲ್ಲಿಂದ ಬಂತು ಅಂತ ನಾವು ಕೇಳಲೇ ಇಲ್ಲ" ಎಂದಳು ಮೊಮ್ಮಗಳು. ಬಸ್ಸು ಹೊರಟ ಮೇಲೂ ಹಿಂದೆ ತಿರುಗಿ ಊರನ್ನು ನೋಡುತ್ತಿದ್ದಳು.

ಬ್ಯಾಡಗಿ ಹತ್ತಿರವಾದಂತೆ ಮೂಗಿಗೇ ಊರು ಗೊತ್ತಾಗುತ್ತದೆ. ಮಾರುಕಟ್ಟೆ ಪ್ರಾಂಗಣದಲ್ಲಿ ಕಾಲಿಡುವಷ್ಟರಲ್ಲಿ ಮೂವರೂ ಸರದಿಯಂತೆ ಸೀನಿದೆವು. ಕೆಂಪು ರಾಶಿಗಳು, ಚೀಲಗಳ ಗೋಡೆಗಳು, ಹಮಾಲರ ಕೂಗು. ನಮ್ಮ ಸುತ್ತಲಿನ ಕಾಯಿ ಮಾತ್ರವಲ್ಲ, ಬಳ್ಳಾರಿ, ರಾಯಚೂರು, ಗದಗ, ಕೊಪ್ಪಳದ್ದೂ, ಆಂಧ್ರದ್ದೂ ಇಲ್ಲಿಗೇ ಬರುತ್ತದೆ. ನಮ್ಮ ಬ್ಯಾಡಗಿ ಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿ ಗಿಡ್ಡ ಮತ್ತು ದುಂಡು, ಕಡ್ಡಿ ಉದ್ದ ಮತ್ತು ತೆಳು. ಮೈಯೆಲ್ಲ ಸುಕ್ಕು, ನಮ್ಮಂಥ ಮುದುಕರ ಹಾಗೆ! ಖಾರ ಕಡಿಮೆ, ಬಣ್ಣ ಗಾಢ. ಆ ಬಣ್ಣದ ಸತ್ವವನ್ನು ಎಣ್ಣೆಯ ರೂಪದಲ್ಲಿ ತೆಗೆದು ಆಹಾರಕ್ಕೂ, ತುಟಿಗೆ ಹಚ್ಚುವ ಬಣ್ಣಕ್ಕೂ ಬಳಸುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಇಷ್ಟು ಹೆಸರಾದ ಮೆಣಸಿನಕಾಯಿಯ ತವರು ಯಾವುದು? ನಮ್ಮ ನಡಿಗೆಗೆ ಕಾರಣವಾದ ಮೆಕ್ಸಿಕೋ! ಸಾವಿರಾರು ವರ್ಷಗಳ ಹಿಂದೆ ಅಲ್ಲಿಯ ಜನ ಕಾಡುಗಿಡವನ್ನು ಸಾಕಿ ಬೆಳೆಯಾಗಿಸಿದರು. 1492ರಲ್ಲಿ ಕೊಲಂಬಸ್ ಅಮೆರಿಕ ಖಂಡದ ಕಡೆ ಹೋದ ಮೇಲೆ ಯುರೋಪಿನವರಿಗೆ ಅದು ತಿಳಿಯಿತು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದರು, 1510ರಲ್ಲಿ ಗೋವೆ ಹಿಡಿದರು. ಅವರ ಹಡಗುಗಳ ಜೊತೆ ಮೆಣಸಿನಕಾಯಿ ನಮ್ಮ ಕರಾವಳಿಗೆ ಇಳಿದು ಘಟ್ಟ ಹತ್ತಿತು. ಅದಕ್ಕೂ ಮೊದಲು ನಮ್ಮ ಅಡುಗೆಗೆ ಖಾರ ಎಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿಗೆ ನಮ್ಮ ಹಿರಿಯರು ಹೊಸ ಹೆಸರು ಹುಡುಕಲಿಲ್ಲ. ಮೆಣಸಿನ ಹಾಗೆ ಖಾರ, ನೋಡಲು ಕಾಯಿ. ಮೆಣಸಿನಕಾಯಿ ಎಂದು ಕರೆದು ಮನೆಯೊಳಗೆ ಕರೆದುಕೊಂಡರು. ಗೋವಿನಜೋಳ, ಟೊಮೆಟೊ ಕೂಡ ಮೆಕ್ಸಿಕೋ ಕಡೆಯವು. ಶೇಂಗಾ, ಬಟಾಟೆ ದಕ್ಷಿಣ ಅಮೆರಿಕದವು. ಮಂಡಕ್ಕಿಯ ಅಕ್ಕಿ ನಮ್ಮ ಏಷ್ಯಾದ್ದು. "ಹಾಗಾದರೆ ಗಿರ್ಮಿಟ್ ಅಂದರೆ ಭೂಪಟ" ಎಂದ ಮೊಮ್ಮಗ.

ಪ್ರಾಂಗಣದ ಸುತ್ತಲ ಗೋದಾಮುಗಳಲ್ಲಿ ಹೆಣ್ಣುಮಕ್ಕಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ತೂಕದ ಲೆಕ್ಕದಲ್ಲಿ ಕೂಲಿ. ಬೆಳಗಿನಿಂದ ಸಂಜೆಯವರೆಗೆ ಕೈ ಉರಿ, ಕಣ್ಣು ಉರಿ. ನಮ್ಮ ಸಾರಿನ ಬಣ್ಣ ಅವರ ಬೆರಳುಗಳನ್ನು ದಾಟಿ ಬರುತ್ತದೆ.

ಕೆಲಸ ಬಿಟ್ಟು ಅವರು ಮನೆಯ ಕಡೆ ಹೊರಟ ಹೊತ್ತಿಗೆ ನಾವು ಒಂದು ಮಿರ್ಚಿ ಬಂಡಿಯ ಪಕ್ಕದ ಕಟ್ಟೆಯ ಮೇಲೆ ಕುಳಿತೆವು. ಅರವತ್ತು ದಾಟಿದ ಹೆಣ್ಣುಮಗಳು ಬಾಣಲೆಯ ಮುಂದೆ ಇದ್ದಳು. ಹಸಿಮೆಣಸಿನಕಾಯಿಯನ್ನು ಸೀಳಿ, ಕಡಲೆಹಿಟ್ಟಿನಲ್ಲಿ ಅದ್ದಿ, ಎಣ್ಣೆಗೆ ಬಿಡುತ್ತಿದ್ದಳು. ಗಮನಿಸಿ, ಬ್ಯಾಡಗಿಯ ಮಿರ್ಚಿಯೊಳಗೆ ಇರುವುದು ಹೆಸರಾಂತ ಕೆಂಪು ಬ್ಯಾಡಗಿ ಕಾಯಿಯಲ್ಲ. ಒಣಗಿದ ಅದರ ಕೆಲಸ ಚಟ್ನಿ, ಸಾರು, ಮಸಾಲೆಯಲ್ಲಿ.

"ವ್ಯಾಪಾರ ಹೆಂಗೈತಿ ಯವ್ವಾ?" ಎಂದೆ.

"ಪ್ಯಾಟಿ ರೇಟ ಕೇಳ್ಕೊಂಡ ಬರ್ರಿ ಯಜಮಾನ್ರ, ನನ್ನ ವ್ಯಾಪಾರ ನಿಮಗ ಗೊತ್ತಾಗತೈತಿ" ಎಂದಳು.

ಮೊಮ್ಮಗಳಿಗೆ ಇದು ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಟೆಂಡರಿನಲ್ಲಿ ಕಾಯಿಗೆ ಒಳ್ಳೆಯ ದರ ಬಂದ ದಿನ ರೈತರು ಎರಡು ಮಿರ್ಚಿ ತಿಂದು, ಚಹಾ ಕುಡಿದು, ಮನೆಯ ಮಕ್ಕಳಿಗೆಂದು ಹತ್ತು ಕಟ್ಟಿಸಿಕೊಳ್ಳುತ್ತಾರೆ. ದರ ಬಿದ್ದ ದಿನ ಬರೀ ಚಹಾ. ಇನ್ನೂ ಬಿದ್ದರೆ ಬಂಡಿಯ ಕಡೆ ನೋಡದೆ ಬಸ್ಸಿಗೆ ಹೋಗುತ್ತಾರೆ.

2024ರ ಮಾರ್ಚ್ 11, ಅದೂ ಒಂದು ಸೋಮವಾರ. ದರ ಕುಸಿಯಿತೆಂದು ರೈತರ ಸಿಟ್ಟು ಕಟ್ಟೆಯೊಡೆದು, ಮಾರುಕಟ್ಟೆಯಲ್ಲಿ ಕಲ್ಲು ತೂರಾಟವಾಗಿ, ವಾಹನಗಳಿಗೆ ಬೆಂಕಿ ಬಿತ್ತು. ಪತ್ರಿಕೆಗಳಲ್ಲಿ ಎಲ್ಲರೂ ಓದಿದ ಸುದ್ದಿ ಅದು. ಬೆಂಕಿ ಹಚ್ಚಿದ್ದು ಸರಿಯಲ್ಲ ಎಂದು ಮಕ್ಕಳಿಗೆ ಹೇಳಿದೆ. ಬೀಜ, ಗೊಬ್ಬರ, ಔಷಧ, ಆಳು, ಗಾಡಿ ಬಾಡಿಗೆ ಎಲ್ಲಕ್ಕೂ ಸಾಲ ಮಾಡಿ ತಂದ ಚೀಲವನ್ನು ಅರ್ಧ ದರಕ್ಕೆ ಬಿಟ್ಟು ಹೋಗುವಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನೂ ಹೇಳಿದೆ. ಎರಡನ್ನೂ ಹೇಳಬೇಕು.

ನಾವು ಮಾತನಾಡುತ್ತಿರುವಾಗಲೇ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ರೈತ ಬಂದ. ಅಂಗಿಯ ಜೇಬಿನಲ್ಲಿ ಪಟ್ಟಿ ಚೀಟಿ ಕಾಣುತ್ತಿತ್ತು. ತಿನ್ನಲು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ನಿಂತು, ಚಿಲ್ಲರೆ ಎಣಿಸಿ, "ನಾಕ ಕಟ್ರಿ" ಎಂದ. ಆಕೆ ಕಟ್ಟಿ ಕೊಟ್ಟಳು. ಕೈಯಲ್ಲಿ ತೂಗಿ ನೋಡಿ ಪೊಟ್ಟಣ ಬಿಚ್ಚಿದ.

"ಆರ ಹಾಕೀರಲ್ಲಬೇ. ನಾ ನಾಕಕ್ಕ ರೊಕ್ಕ ಕೊಟ್ಟೇನಿ."

"ಹೋದ ಸಂತಿದು ಎರಡ ನಂದ ಬಾಕಿ ಇತ್ತಪ್ಪಾ. ಚಿಲ್ಲರ ಇರಲಿಲ್ಲ ಅಂತ ಹಂಗ ಕಳಿಸಿದ್ದೆ, ಮರತೀ ಏನ?" ಎಂದಳು, ತಲೆ ಎತ್ತದೆ.

ಆತ ಒಂದು ಗಳಿಗೆ ಯೋಚಿಸಿದ. ಪೊಟ್ಟಣವನ್ನು ಟವೆಲಿನಲ್ಲಿ ಸುತ್ತಿಕೊಂಡು, "ಬರ್ತೀನವ್ವಾ" ಎಂದು ಬಸ್ ನಿಲ್ದಾಣದ ಕಡೆ ಹೋದ.

ಆತ ದೂರವಾದ ಮೇಲೆ ಮೊಮ್ಮಗಳು ಮೆಲ್ಲಗೆ ಕೇಳಿದಳು. "ಅಜ್ಜೀ, ನಿಜವಾಗಲೂ ಬಾಕಿ ಇತ್ತಾ?"

ಆಕೆ ನಕ್ಕಳು. "ನೀ ಲೆಕ್ಕ ಬರಕೊಳ್ಳಾಕತ್ತೀಯಲ್ಲವ್ವಾ, ನಿಮ್ಮ ಲೆಕ್ಕದಾಗ ಎಷ್ಟಾತು ಹೇಳು."

ನಮ್ಮದು ಆರು ಮಿರ್ಚಿ, 60 ರೂಪಾಯಿ ಆಗಿತ್ತು. ಕೊಟ್ಟೆವು. ಮೊಮ್ಮಗಳು ಪುಸ್ತಕ ಮುಚ್ಚಿದಳು, ಬೇರೆ ಪ್ರಶ್ನೆ ಕೇಳಲಿಲ್ಲ. ಮೂವತ್ತೈದು ವರ್ಷ ಜಮಾ-ಖರ್ಚು ಬರೆದವನು ನಾನು. ಹಿಂದಿನ ಸಂತೆಯ ಆ ಎರಡು ಮಿರ್ಚಿಯನ್ನು ಯಾವ ಖಾತೆಗೆ ಹಾಕಬೇಕು ಎಂದು ನನಗೂ ತಿಳಿಯಲಿಲ್ಲ. ಆಕೆಗೂ ಮನೆ ನಡೆಯಬೇಕು, ಎಣ್ಣೆಯ ಬೆಲೆ ಆಕೆಗೂ ಏರಿದೆ. ಆದರೂ ಒಬ್ಬ ತಂದೆ ತಲೆ ತಗ್ಗಿಸದೆ ಮನೆಗೆ ಹೋಗಲಿ ಎಂದು ಇಲ್ಲದ ಬಾಕಿಯೊಂದನ್ನು ಸೃಷ್ಟಿಸಿ ಅದನ್ನು ತೀರಿಸಿದಳು.

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ಊರು. ಅವರ ರಾಮಧಾನ್ಯಚರಿತ್ರೆಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚು ಎಂದು ಜಗಳವಾಗುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಳೆಗುಂದುತ್ತದೆ, ಬಡವರ ಧಾನ್ಯವಾದ ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ಬಸ್ಸಿನಲ್ಲಿ ಬರುವಾಗ ಈ ಕಥೆಯನ್ನು ಮಕ್ಕಳಿಗೆ ಹೇಳಿದೆ. "ಆ ಅಜ್ಜಿ ರಾಗಿ" ಎಂದ ಮೊಮ್ಮಗ. ಮುಂದೆ ವಿವರಿಸುವ ಕೆಲಸ ನನಗೆ ಉಳಿಯಲಿಲ್ಲ.

ನಿಮ್ಮೂರಿನಲ್ಲೂ ನಡೆಯಿರಿ

ಮೂರು ಸಂಜೆಗೆ ಮೂವರಿಗೆ ತಿನ್ನಲು ಆದ ಖರ್ಚು, ಮೊಮ್ಮಗಳ ಪುಸ್ತಕದ ಪ್ರಕಾರ, ಒಟ್ಟು 510 ರೂಪಾಯಿ. ಬಸ್ ಚಾರ್ಜು ಬೇರೆ. 2010ರಲ್ಲಿ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನೇ ಮಾನವಕುಲದ ಪರಂಪರೆ ಎಂದು ಪಟ್ಟಿ ಮಾಡಿತು. ನಮ್ಮ ಗಿರ್ಮಿಟ್, ಮಿರ್ಚಿ, ರೊಟ್ಟಿಗೆ ಅಂಥ ಪಟ್ಟಿ ಇಲ್ಲ. ಅವುಗಳನ್ನು ನೆನಪಿಡಬೇಕಾದವರು ನಾವು, ನೀವು.

ಅಜ್ಜ-ಅಜ್ಜಿಯರೇ, ಮೊಣಕಾಲು ನೋವಿದ್ದರೆ ಒಂದೇ ಬೀದಿ ಸಾಕು. ನಿಮಗೆ ಗೊತ್ತಿರುವ ಬಂಡಿ, ಗಾಣ, ಭಟ್ಟಿ, ಖಾನಾವಳಿಯ ಕಥೆ ಮೊಮ್ಮಕ್ಕಳಿಗೆ ಯಾವ ಮೊಬೈಲಿನಲ್ಲೂ ಸಿಗುವುದಿಲ್ಲ. ಮಕ್ಕಳೇ, ಡಬ್ಬಿ ಮತ್ತು ನೀರಿನ ಬಾಟಲಿ ನಿಮ್ಮ ಕೈಯಲ್ಲಿರಲಿ. ತಿಂದ ತಟ್ಟೆಯನ್ನು ರಸ್ತೆಗೆ ಎಸೆಯಬೇಡಿ. ಬಂಡಿಯವರನ್ನು ಅಣ್ಣಾ, ಅಕ್ಕಾ, ಅಜ್ಜೀ ಎಂದು ಕರೆದು ಮಾತನಾಡಿಸಿ. ಇದು ಎಲ್ಲಿಂದ ಬಂತು, ಯಾರು ಬೆಳೆದರು, ಯಾರು ಹುರಿದರು, ಈ ವರ್ಷ ಬೆಳೆಗೆ ದರ ಹೇಗಿದೆ ಎಂದು ಕೇಳಿ. ಒಂದು ಊರಿನ ಹೊಲಗಳಲ್ಲಿ ಈ ವರ್ಷ ಏನಾಯಿತು ಎಂಬುದು ಸಂಜೆ ಆರರ ಹೊತ್ತಿಗೆ ಅದರ ಮಿರ್ಚಿ ಬಂಡಿಯ ಮುಂದೆ ಕಾಣುತ್ತದೆ. ಎಷ್ಟು ಜನ ನಿಂತಿದ್ದಾರೆ, ಎಷ್ಟು ಕಟ್ಟಿಸಿಕೊಳ್ಳುತ್ತಿದ್ದಾರೆ ಎಂದು ಎಣಿಸಿ ನೋಡಿ.